ಹದಿನೇಳನೇ ಗ್ರಾಹಕರ ದೂರು

ಪ್ರೋಗ್ರಾಮಿನಲ್ಲಿ ಸರಿಯಾಗಿದ್ದ ಸಾಲೊಂದನ್ನು ಅವನು ಬೇಕೆಂದೇ ಕೆಡಿಸಿದ. ಕೂಡುವ ಚಿಹ್ನೆಯಿದ್ದ ಕಡೆ ಕಳೆಯುವ ಚಿಹ್ನೆ ಹಾಕಿದ, ಅಷ್ಟೇ. ಇನ್ನು ಮೇಲೆ ಪುಸ್ತಕ ವಾಪಸ್ ಬರಬೇಕಾದ ದಿನಾಂಕ, ಅದನ್ನು ಕೊಟ್ಟ ದಿನಕ್ಕಿಂತ ಹಿಂದೆ ಬೀಳುತ್ತದೆ. ಕೆಡಿಸಿ ತಿರುಗಿ ನೋಡಿದರೆ ಬೆನ್ನ ಹಿಂದೆ ಪಾಲುದಾರ ನಿಂತಿದ್ದ.

"ಏನೋ ಇದು? ನಿನ್ನೆ ನಾನು ನೋಡ್ದಾಗ ಸರಿಯಾಗೇ ಇತ್ತಲ್ಲ!"

ಕಳ್ಳ ಸಿಕ್ಕಿಬಿದ್ದ. ಆದರೆ ಸಿಕ್ಕಿಬಿದ್ದವನಿಗೆ ಇರಬೇಕಾದ ಗಾಬರಿ ಆ ಮುಖದಲ್ಲಿರಲಿಲ್ಲ. ಎರಡು ವರ್ಷಗಳಿಂದ ಆ ಮುಖದಲ್ಲಿ ಏನೂ ಇರುತ್ತಿರಲಿಲ್ಲ ಬಿಡಿ.

ಇಬ್ಬರೂ ಸೇರಿ ಬರೆದ ಪುಟ್ಟ ಪ್ರೋಗ್ರಾಂ ಅದು. ಮನೆಯಲ್ಲಿ ಪುಸ್ತಕ ರಾಶಿ ಹಾಕಿಕೊಂಡವರಿಗಾಗಿ ಮಾಡಿದ್ದು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಯಾರು ಒಯ್ದರು, ಯಾವತ್ತು ವಾಪಸ್ ಕೊಡಬೇಕು ಎಂದು ಅದು ನೆನಪಿಟ್ಟುಕೊಳ್ಳುತ್ತಿತ್ತು. ಒಂದು ಕಾಲಕ್ಕೆ ನೂರಾರು ಜನ ಕೊಂಡಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಕೈಬಿಟ್ಟು, ಈಗ ಹದಿನೇಳನೇ ನಂಬರಿನ ಗ್ರಾಹಕರೊಬ್ಬರೇ ಉಳಿದಿದ್ದರು.

ಅವರು ಫೋನ್ ಮಾಡಿದವರಲ್ಲ, ಹೆಸರು ಹಾಕಿದವರಲ್ಲ. ಪ್ರೋಗ್ರಾಮಿನಲ್ಲೇ ಇದ್ದ 'ದೂರು' ಬಟನ್ ಒತ್ತಿ ಬರೆಯುತ್ತಿದ್ದರು. ಬರೆಯುತ್ತಿದ್ದರು ಅಂದರೇನು, ಛೀಮಾರಿ ಹಾಕುತ್ತಿದ್ದರು. "ಚಿತ್ರದ ಪುಸ್ತಕಗಳೆಲ್ಲ ಹಿಂದುಮುಂದಾಗಿ ಕೂತಿವೆ. ನಿಮಗೆ ಅ ಆ ಇ ಈ ಬರುವುದಿಲ್ಲವೇ?" ಇವನು ಸರಿಪಡಿಸಿ, ಹೊಸ ಆವೃತ್ತಿ ಪ್ಯಾಕ್ ಮಾಡಿ ಕಳಿಸುತ್ತಿದ್ದ. ಅದರಲ್ಲೊಂದು ಹೊಸ ತಪ್ಪು ಇರುತ್ತಿತ್ತು. ಮತ್ತೆ ಛೀಮಾರಿ. ಅದನ್ನು ಓದುತ್ತ ಇವನು ತುಂಬ ಹೊತ್ತು ಕೂತಿರುತ್ತಿದ್ದ.

ಇವತ್ತು ಹೋಗಬೇಕಾದದ್ದು ಕೊನೆಯ ಆವೃತ್ತಿ. ಆಮೇಲೆ ಆಫೀಸು ಖಾಲಿ ಮಾಡಿ ಬೀಗದ ಕೈ ಒಪ್ಪಿಸುವುದು. ಬೇರೊಂದು ಕಂಪನಿಯಲ್ಲಿ ಇಬ್ಬರಿಗೂ ಕೆಲಸ ಗೊತ್ತಾಗಿತ್ತು.

"ಅಂದ್ರೆ ಇಷ್ಟು ದಿನದ ತಪ್ಪುಗಳೆಲ್ಲ ನಿಂದೇ ಕೈಚಳಕಾನಾ?"

"ಮೊದಲ್ನೇದು ನಿಜವಾದ ತಪ್ಪು. ಆಮೇಲಿನವು ನಾನೇ ಹಾಕಿದ್ದು."

"ತಲೆ ಕೆಟ್ಟಿದೆಯೇನೋ?"

"ಎಲ್ಲ ಸರಿಹೋದ್ರೆ ಅವರು ಬರೆಯೋದು ನಿಲ್ಲಿಸ್ತಾರೆ."

"ನಿಲ್ಲಿಸ್ಲಿ, ಪೀಡೆ ತೊಲಗ್ತು ಅನ್ಕೋ! ಬೈಸ್ಕೊಳ್ಳೋದೂ ಒಂದು ಚಟಾನಾ ನಿಂಗೆ?"

ಹೋದ ವರ್ಷ ಒಂದು ಆವೃತ್ತಿ ಅಪ್ಪಿತಪ್ಪಿ ಸರಿಯಾಗಿ ಹೋಗಿಬಿಟ್ಟಿತ್ತು. ಎರಡು ತಿಂಗಳು ಒಂದಕ್ಷರ ಬರಲಿಲ್ಲ. ಇವನು ದಿನಾ ಬಂದು ಪರದೆಯ ಮುಂದೆ ಕೂತು ಎದ್ದುಹೋಗುತ್ತಿದ್ದ. ಅಂಗಿ ದೊಗಳೆಯಾಗುವಷ್ಟು ಇಳಿದುಹೋದ. ಮಗಳು ತೀರಿಹೋದ ದುಃಖ ಮರುಕಳಿಸಿದೆ ಎಂದುಕೊಂಡು ಪಾಲುದಾರ ಏನೂ ಕೇಳಿರಲಿಲ್ಲ.

ಈಗ ಪಾಲುದಾರನ ಕಣ್ಣು ಆ ಗ್ರಾಹಕರ ಪುಸ್ತಕಪಟ್ಟಿಯ ನಕಲುಗಳ ಮೇಲೆ ಬಿತ್ತು. "ಒಬ್ಬರಿಗೋಸ್ಕರ ಎರಡೆರಡು ಬ್ಯಾಕಪ್ಪಾ? ಕೆಡಿಸೋನೂ ನೀನೇ, ಕಾಪಾಡೋನೂ ನೀನೇ!"

"ಅವರ ಹತ್ರ ಉಳಿದಿರೋದು ಅಷ್ಟೇ. ಅದು ಹೋಗಬಾರದು."

"ಅಲ್ಲ, ಆ ಮಹಾನುಭಾವರನ್ನ ಒಂದ್ಸಲನಾದ್ರೂ ನೋಡಿದ್ದೀಯಾ?"

"ನೋಡಿದ್ದೀನಿ."

"ಹೇಗಿದ್ದಾರೆ?"

"ಮೊದಲು ತುಂಬ ನಗ್ತಿದ್ರು."

ಪಾಲುದಾರ ಅವನನ್ನೇ ದಿಟ್ಟಿಸಿದ. ಆಮೇಲೆ ಭುಜ ತಟ್ಟಿ, "ಹೋಗು, ಮುಖ ತೊಳ್ಕೊಂಡು ಬಾ" ಎಂದ.

ಮುಖ ತೊಳೆದು ಬರುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಪಾಲುದಾರ ಸಾಲು ಸರಿಪಡಿಸಿ, ಪ್ಯಾಕ್ ಮಾಡಿ, ಮೂಲೆಯಲ್ಲಿದ್ದ ಖಾಲಿ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಕಳಿಸಿಯೇ ಬಿಟ್ಟಿದ್ದ. ಗ್ರಾಹಕರು ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಹೊಸದು ತಾನಾಗಿಯೇ ಹೋಗಿ ಕೂರುತ್ತದೆ.

"ಅಪ್ಪಟ ಚಿನ್ನ ಕಣೋ! ಒಂದು ತಪ್ಪು ಹುಡುಕಿ ತೋರಿಸ್ಲಿ ನೋಡೋಣ. ಇನ್ನಾದ್ರೂ ಆ ಗ್ರಾಹಕರನ್ನ ಬಿಟ್ಟು ಮನೆ ಕಡೆ ಗಮನ ಕೊಡು."

"ಸರಿ" ಎಂದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು.

ಸಂಜೆ ತನ್ನ ಬೀಗದ ಕೈಯಿಂದಲೇ ಮನೆಯ ಬಾಗಿಲು ತೆಗೆದ. ಮೇಜಿನ ಮೇಲೆ ಅವನ ಪಾಲಿನ ಊಟ ಮುಚ್ಚಿಟ್ಟಿತ್ತು. ಮಗಳು ಹೋದ ಮೇಲೆ ಈ ಮನೆಯಲ್ಲಿ ಮಾತು ನಿಂತಿತ್ತು. ಜಗಳವೇನಲ್ಲ. ಬಾಯಿ ತೆರೆದರೆ ಮೊದಲು ಆ ಮಗುವಿನ ಹೆಸರೇ ಬಂದುಬಿಡುತ್ತದೇನೋ ಎಂಬ ಭಯ ಇಬ್ಬರಿಗೂ. ಹೆಂಡತಿ ಎಂದಿನಂತೆ ಮಗಳ ಕೋಣೆಯಲ್ಲಿದ್ದಳು, ಬಾಗಿಲು ಮುಂದೆ ಮಾಡಿತ್ತು. ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತ. ಏನಾದರೂ ಕೇಳೋಣವೆನ್ನಿಸಿತು. ಏನಂತ ಕೇಳುವುದು? ಬಂದು ಊಟಕ್ಕೆ ಕೂತ.

ಎರಡು ತುತ್ತು ತಿಂದಿದ್ದನೋ ಇಲ್ಲವೋ, ಜೇಬಿನಲ್ಲಿ ಫೋನು ಅದುರಿತು. ಹದಿನೇಳನೇ ಗ್ರಾಹಕರು.

"ಹೊಸ ಆವೃತ್ತಿಯೂ ಹಾಳು. ಪುಸ್ತಕದ ಹೆಸರುಗಳ ಕೊನೆಯ ಅಕ್ಷರ ಕತ್ತರಿಸಿಹೋಗುತ್ತಿದೆ. ಒಂದು ಕೆಲಸವೂ ನಿಮಗೆ ನೆಟ್ಟಗೆ ಬರುವುದಿಲ್ಲವೇ? ನಾಳೆಯೇ ಬೇರೆ ಕಳಿಸಿ."

ತಟ್ಟೆ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದ. ಅದೇ ಆವೃತ್ತಿ ಹಾಕಿಕೊಂಡ. ಉದ್ದದ ಹೆಸರು ಕೊಟ್ಟು ನೋಡಿದ, ಗಿಡ್ಡ ಹೆಸರು ಕೊಟ್ಟು ನೋಡಿದ. ಎಲ್ಲವೂ ಪೂರ್ತಿ ಬಂದವು. ಮತ್ತೆ ನೋಡಿದ. ಪಾಲುದಾರ ಹೇಳಿದ್ದು ನಿಜ, ಹುಡುಕಿದರೂ ಒಂದು ತಪ್ಪಿರಲಿಲ್ಲ.

ಗ್ರಾಹಕರು ಸುಳ್ಳು ಬರೆದಿದ್ದರು. ಇಲ್ಲದ ತಪ್ಪನ್ನು ತಾವೇ ಹುಟ್ಟಿಸಿ, ಕೂತು ಬರೆದಿದ್ದರು.

ಆ ದೂರನ್ನು ಅವನು ಇನ್ನೊಮ್ಮೆ ಓದಿದ. ಉತ್ತರ ಬರೆದ: "ಹೌದು, ತಪ್ಪು ನಮ್ಮದೇ. ನಾಳೆಯೇ ಹೊಸದು ಕಳಿಸುತ್ತೇವೆ. ಬೇರೆ ಏನಿದ್ದರೂ ದಯವಿಟ್ಟು ಬರೆಯಿರಿ." ಕಳಿಸಿದ.

ಮರುಕ್ಷಣ, ಮುಂದೆ ಮಾಡಿದ್ದ ಬಾಗಿಲ ಆಚೆ ಹೆಂಡತಿಯ ಕಂಪ್ಯೂಟರು ಟಿಂಗ್ ಎಂದಿತು.