ಸೋಮವಾರದ ಗಣಿತ

ಏಳನೇ ತರಗತಿಯ ಹುಲಿಗೆಮ್ಮ ಉಳಿದ ದಿನಗಳಲ್ಲಿ ಚುರುಕಾಗಿರುತ್ತಿದ್ದಳು. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ನಡೆಯುವ ಗಣಿತದ ಕಿರುಪರೀಕ್ಷೆಯಲ್ಲಿ ಮಾತ್ರ ತಪ್ಪದೆ ಫೇಲಾಗುತ್ತಿದ್ದಳು. ಈ ಸಲ ಮಾಸ್ತರರು ಬೆಳಿಗ್ಗೆ ಮೀಟಿಂಗಿಗೆ ಹೋಗಬೇಕಾಗಿ ಬಂದದ್ದರಿಂದ ಪರೀಕ್ಷೆ ಮಧ್ಯಾಹ್ನ ಊಟದ ನಂತರ ನಡೆಯಿತು. ಹುಲಿಗೆಮ್ಮನ ಒಂದು ಲೆಕ್ಕವೂ ತಪ್ಪಿರಲಿಲ್ಲ.

ಪ್ರಶ್ನೆಪತ್ರಿಕೆಗಳು ಅಷ್ಟು ಹೊತ್ತೂ ತಮ್ಮ ಟೇಬಲಿನ ಮೇಲೇ ಇದ್ದವೆಂಬುದು ಮಾಸ್ತರರಿಗೆ ನೆನಪಾಯಿತು. ಎಲ್ಲರೆದುರೇ ಅವಳನ್ನು ಎಬ್ಬಿಸಿ ನಿಲ್ಲಿಸಿದರು.

“ನಾ ಇಲ್ಲದಾಗ ನನ್ನ ಟೇಬಲ್ ಕಡೆ ಹೋಗಿದ್ದೇನು?”

“ಇಲ್ರಿ ಸರ್.”

“ಖರೇ ಹೇಳು. ಪ್ರಶ್ನೆ ಮೊದಲ ಯಾರು ತೋರಿಸಿದ್ರು?”

“ಯಾರೂ ತೋರಿಸಿಲ್ರಿ.”

ಮಾಸ್ತರರು ಬೋರ್ಡಿನ ಮೇಲೆ ಇನ್ನೂ ಕಷ್ಟದ್ದೊಂದು ಹೊಸ ಲೆಕ್ಕ ಬರೆದು ಚಾಕ್‌ಪೀಸು ಕೊಟ್ಟರು. ಹುಲಿಗೆಮ್ಮ ಅದನ್ನೂ ಬಿಡಿಸಿದಳು. ಅವರ ಸಿಟ್ಟು ಇನ್ನಷ್ಟು ಏರಿತು.

“ಹಂಗಾದ್ರ ಇಷ್ಟು ದಿನ ಬೇಕಂತನ ತಪ್ಪು ಬರೀತಿದ್ದೇನು? ನನ್ನ ಜೋಡಿ ಆಟ ಆಡ್ತಿ?”

“ಇಲ್ರಿ ಸರ್. ಸೋಮವಾರ ಮುಂಜಾನೆ ಅಕ್ಷರ ಎಲ್ಲಾ ಮಸುಕ ಮಸುಕ ಕಾಣತಾವ್ರಿ.”

“ಬ್ಯಾರೆ ದಿನ ಹಿಂದಿನ ಬೆಂಚಿನ್ಯಾಗ ಕುಂತು ಬೋರ್ಡ್ ಓದ್ತಿ. ಸೋಮವಾರ ಅಷ್ಟ ಕಣ್ಣು ಕಾಣಂಗಿಲ್ಲೇನು?”

ತರಗತಿ ಗೊಳ್ಳೆಂದು ನಕ್ಕಿತು. ಹುಲಿಗೆಮ್ಮ ತಲೆ ತಗ್ಗಿಸಿ, ಮಾಸ್ತರರಿಗಷ್ಟೇ ಕೇಳುವ ಹಾಗೆ ಹೇಳಿದಳು:

“ಭಾನುವಾರ ಸಾಲ್ಯಾಗ ಊಟ ಇರಂಗಿಲ್ಲಲ್ರಿ ಸರ್.”