ನಾಲ್ಕೂವರೆ ಸಾವಿರದ ಡಬ್ಬಿ

ಯಂತ್ರಗಳನ್ನು ಓಡಿಸಿ ನಿಲ್ಲಿಸುವ, ಹೆಸರುವಾಸಿ ಕಂಪನಿಯ ಕಂಟ್ರೋಲರ್‌ಗೆ ಮೂವತ್ತೆಂಟು ಸಾವಿರ. ಅದಕ್ಕೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್‌ಗೆ ಬೇರೆ ಇಪ್ಪತ್ತು ಸಾವಿರ. ಎರಡನ್ನೂ ಜೋಡಿಸುವ ಕೇಬಲ್ಲಿಗೇ ಮೂರು ಸಾವಿರ. ಅದರ ಪಕ್ಕದಲ್ಲೇ, ಅದೇ ಕೆಲಸ ಮಾಡುವ, ಯಾರೂ ಹೆಸರು ಕೇಳದ ಕಂಪನಿಯ ಅಂಗೈಯಗಲದ ಡಬ್ಬಿ: ನಾಲ್ಕೂವರೆ ಸಾವಿರ. ಸಾಫ್ಟ್‌ವೇರ್ ಪುಕ್ಕಟೆ, ಕೇಬಲ್ ಮಾಮೂಲಿ ಫೋನಿನದು. "ಕಲಿಯೋಕೆ ತಾನೆ? ಸುಟ್ಟುಹೋದ್ರೂ ಅಳು ಬಾರದಂಥದ್ದು ತಗೊಳ್ಳಿ" ಎಂದಿದ್ದ ಅಂಗಡಿಯವನು. ಸೊಸೆ ಡಬ್ಬಿಯನ್ನೇ ತಂದಿದ್ದಳು. ಭಾನುವಾರ ಮಧ್ಯಾಹ್ನ ಅದನ್ನು ಮತ್ತೆ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

ಯಂತ್ರಗಳ ಪ್ಯಾನೆಲ್ಲಿಗೆ ತಂತಿ ಎಳೆಯುವುದರಲ್ಲಿ ಅವಳದು ಇಪ್ಪತ್ತು ವರ್ಷ ಪಳಗಿದ ಕೈ. ಆದರೆ ಹಿಂದೆ ಒಂದು ಗೋಡೆ ತುಂಬ ಇರುತ್ತಿದ್ದ ರಿಲೇ ಸ್ವಿಚ್ಚುಗಳ ಕೆಲಸವನ್ನು ಈಗ ಒಂದು ಕಂಟ್ರೋಲರ್ ಮಾಡಿಬಿಡುತ್ತದೆ. ತಂತಿ ಕಡಿಮೆಯಾಯಿತು, ಕೆಲಸವೂ ಕಡಿಮೆಯಾಯಿತು. ವರ್ಕ್‌ಶಾಪಿನ ಮಾಲೀಕ ಸುತ್ತಿಬಳಸದೆ ಹೇಳಿದ್ದ: "ಬುಧವಾರ ನನ್ನ ಮುಂದೆ ಒಂದು ಮೋಟಾರು ಪ್ರೋಗ್ರಾಂ ಮಾಡಿ ಓಡಿಸಿ. ಓಡಿದ್ರೆ ಟೆಸ್ಟಿಂಗ್ ಮೇಜು ನಿಮ್ದು. ಇಲ್ಲಾಂದ್ರೆ ಹೊರಗಿನವರನ್ನ ತರ್ತೀನಿ, ನಿಮಗೆ ವಾರಕ್ಕೆ ಮೂರೇ ದಿನ ಕೆಲಸ."

"ಎಲ್ಲಿಗೆ ಸವಾರಿ?" ಎಂದರು ಅತ್ತೆ. ಮೂವತ್ತು ವರ್ಷ ರೈಲ್ವೆ ಗೇಟು ಕಾದು ನಿವೃತ್ತರಾದವರು. ಹೊಸಿಲು ದಾಟುವವರನ್ನೂ ವಿಚಾರಿಸದೆ ಬಿಡುತ್ತಿರಲಿಲ್ಲ.

"ಇದನ್ನ ವಾಪಸ್ ಕೊಟ್ಟು ದೊಡ್ಡದು ತರ್ತೀನಿ. ಅಗ್ಗ ಅಂತ ಮುಗ್ಗಲು ಜೋಳ ತಂದಂಗಾಯ್ತು. ಬೆಳಗಿಂದ ಮೋಟಾರು ಮಿಸುಕಾಡ್ತಿಲ್ಲ." ಅವಳ ದನಿ ತಗ್ಗಿತು. "ನಿಮ್ಮ ಹಲ್ಲಿನ ಸೆಟ್ಟಿಗೆ ಇಟ್ಟಿದ್ದ ದುಡ್ಡು ಅತ್ತೆ... ಆರು ತಿಂಗಳಲ್ಲಿ ತುಂಬಿಕೊಡ್ತೀನಿ."

"ಅಂದ್ರೆ ಇನ್ನೂ ಆರು ತಿಂಗಳು ನಿನ್ನ ಬರೀ ಒಸಡಲ್ಲೇ ಬೈಬೇಕು ನಾನು." ಅತ್ತೆ ಕುರ್ಚಿ ಎಳೆದು ಕೂತರು. "ತಗೋ, ಬೇಡ ಅನ್ನಲ್ಲ. ಆದ್ರೆ ಇದು ಯಾಕೆ ಓಡ್ತಿಲ್ಲ ಅಂತ ಮೊದ್ಲು ಹೇಳು. ಏನೂ ಗೊತ್ತಿಲ್ಲದವಳಿಗೆ ಹೇಳೋ ಹಂಗೆ ಹೇಳು."

ಸೊಸೆ ಒಲ್ಲದ ಮನಸ್ಸಿನಿಂದ ಎಲ್ಲವನ್ನೂ ಮತ್ತೆ ಹರವಿದಳು: ಡಬ್ಬಿ, ಎರಡು ಬಟನ್, ಗುಜರಿಯ ಪುಟ್ಟ ಮೋಟಾರು, ಲ್ಯಾಪ್‌ಟಾಪು. "ಹಸಿರು ಒತ್ತಿದ್ರೆ ಓಡಬೇಕು, ಕೆಂಪು ಒತ್ತಿದ್ರೆ ನಿಲ್ಲಬೇಕು. ಕೆಂಪು ಬಟನ್ ಒಳಗೆ ತಂತಿ ಯಾವಾಗ್ಲೂ ಕೂಡಿರುತ್ತೆ, ಕರೆಂಟು ಹರೀತಾನೇ ಇರುತ್ತೆ. ಒತ್ತಿದಾಗ ಮಾತ್ರ ಕಡಿಯುತ್ತೆ. ಅದಕ್ಕೇ ಪ್ರೋಗ್ರಾಮಲ್ಲೂ ಕೂಡಿರೋ ಬಟನ್ನಿನ ಚಿಹ್ನೆ ಹಾಕಿದೀನಿ. ಇಪ್ಪತ್ತು ವರ್ಷದಿಂದ ಎಲ್ಲ ವೈರಿಂಗ್ ಚಿತ್ರದಲ್ಲೂ ಹಿಂಗೇ ಇರೋದು."

"ಆ ಚಿಹ್ನೆಗೆ ನಿನ್ನ ಡಬ್ಬಿ ಏನು ಅರ್ಥ ಮಾಡ್ಕೊಳ್ಳುತ್ತೆ?"

"ಇನ್ನೇನು, ಕೂಡಿದೆ ಅಂತ..."

"ನೀನು ಹೇಳಬೇಡ. ಡಬ್ಬಿ ಜೊತೆ ಕೊಟ್ಟಿರೋ ಪುಸ್ತಕ ಏನು ಹೇಳುತ್ತೆ, ಓದು."

ಅವಳು ಪುಟ ತಿರುಗಿಸಿ ಓದಿದಳು: "ಈ ಚಿಹ್ನೆ, ಕರೆಂಟು ಬಾರದಿದ್ದಾಗ ದಾರಿ ಬಿಡುತ್ತದೆ."

"ನಿನ್ನ ಕೆಂಪು ಬಟನ್ನಲ್ಲಿ ಕರೆಂಟು ಬರ್ತಾನೇ ಇರುತ್ತೆ ಅಂದ್ಯಲ್ಲ. ಮತ್ತೆ ಅದು ದಾರಿ ಬಿಡೋದು ಯಾವಾಗ, ನಾನು ಸತ್ತ ಮೇಲಾ?" ಅತ್ತೆ ಬೆರಳಿನಿಂದ ಮೇಜು ಕುಟ್ಟಿದರು. "ಗೇಟು ಮುಚ್ಚೋದು ರಸ್ತೆಗೆ. ರೈಲಿಗೆ ಕೊಡೋದು ಹಸಿರು. ಗೇಟು ಮುಚ್ಚಿದೆ ಅಂತ ರೈಲಿಗೂ ಕೆಂಪು ತೋರಿಸಿದ್ರೆ ಎರಡೂ ಕಡೆ ನಿಂತಿರ್ತವೆ. ನೀನು ಬಟನ್ನಿನ ಚಿತ್ರ ಬರೆದಿದೀಯ ಕಣೆ. ಡಬ್ಬಿ ಕೇಳ್ತಿರೋದು ಕರೆಂಟಿನ ಸಮಾಚಾರ."

ಸೊಸೆ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೆಂಪು ಬಟನ್ನಿನ ಚಿಹ್ನೆಯೊಂದನ್ನೇ, ಕರೆಂಟು ಬಂದಾಗ ದಾರಿ ಬಿಡುವ ಚಿಹ್ನೆಗೆ ಬದಲಾಯಿಸಿ ಹಸಿರು ಒತ್ತಿದಳು. ಮೋಟಾರು ಗುಂಯ್ ಎಂದಿತು. ಕೆಂಪು ಒತ್ತಿದಳು, ನಿಂತಿತು. ಮತ್ತೆ ಓಡಿಸಿ, ಓಡುತ್ತಿರುವಾಗಲೇ ಕೆಂಪಿನ ತಂತಿ ಕಿತ್ತಳು. ಆಗಲೂ ತಾನಾಗಿಯೇ ನಿಂತಿತು.

"ದೊಡ್ಡ ಕಂಪನಿಯದಾಗಿದ್ರೆ?" ಅತ್ತೆ ಕೇಳಿದರು.

"ಅದೂ ಓಡ್ತಿರಲಿಲ್ಲ," ಎಂದಳು ಸೊಸೆ. ಅರವತ್ತೊಂದು ಸಾವಿರ ಸುರಿದು ಇದೇ ಚಿಹ್ನೆ ಹಾಕಿ ಕೂತಿರುತ್ತಿದ್ದ ತನ್ನನ್ನು ನೆನೆದು ಅವಳಿಗೆ ನಗು ಬಂತು. ನಗು ನೋಡಿ ಅತ್ತೆಯೂ ಬೊಚ್ಚುಬಾಯಿ ತೆರೆದು ನಕ್ಕರು. ಇಬ್ಬರೂ ಸರದಿಯ ಮೇಲೆ ಹಸಿರು, ಕೆಂಪು ಒತ್ತುತ್ತಾ ಕೂತರು.

ಬುಧವಾರ ಮಾಲೀಕನ ಮುಂದೆ ಮೋಟಾರು ಹೇಳಿದಾಗ ಓಡಿತು, ಹೇಳಿದಾಗ ನಿಂತಿತು. ಟೆಸ್ಟಿಂಗ್ ಮೇಜು ಅವಳಿಗೆ ಸಿಕ್ಕಿತು, ವಾರದ ಆರು ದಿನದ ಕೆಲಸ ಉಳಿಯಿತು. ಅಂದೇ ಸಂಜೆ ಹೊಸ ಪ್ಯಾನೆಲ್ಲಿಗೆ ಅವಳೇ ವೈರಿಂಗ್ ಚಿತ್ರ ಬರೆದು ಮುಗಿಸಿದಳು. ಹಾಳೆಯ ಕೆಳಮೂಲೆಯಲ್ಲಿ 'ಬರೆದವರು' ಎಂಬ ಪುಟ್ಟ ಖಾನೆ. ಇಪ್ಪತ್ತು ವರ್ಷ ಅಲ್ಲಿ ಬೇರೆಯವರ ಹೆಸರು ಓದಿದ್ದವಳು, ಪೆನ್ನಿನ ಮುಚ್ಚಳ ತೆಗೆದು ತನ್ನ ಹೆಸರು ಬರೆದಳು.