ಕನ್ನಡಿ ಇಳಿಸಿದ ದಿನ

"ಪಪ್ಪಾ, ಎರಡು ಮಾನಿಟರ್ ಬೇಕಂದ್ರೆ ಈ ಕನ್ನಡಿ ಇಳಿಸಲೇಬೇಕು" ಎಂದು ಸ್ಟೂಲ್ ಹತ್ತಿದ ಯೋಗೀಶ್, ತಂದೆಯ ಒಪ್ಪಿಗೆಗೂ ಕಾಯದೆ ಅದರ ಚೌಕಟ್ಟಿಗೆ ಕೈ ಹಾಕಿದ.

ಡೊಂಬಿವಲಿಯ ಆ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಲೀಲಾಧರ ಶೆಟ್ಟರು ಎಣಿಸುತ್ತಿದ್ದ ಚಿಲ್ಲರೆ ಬಿಟ್ಟು ಮೇಲೆ ನೋಡಿದರು. ಅದೇನು ಸಾಮಾನ್ಯ ಕನ್ನಡಿಯೇ? ಶೆಟ್ಟರ ಮಾತು ನಂಬುವುದಾದರೆ, ಹಿಂದಿನ ಸ್ಟೇಷನ್ ಠಾಕುರ್ಲಿಯಿಂದ ಲೋಕಲ್ ರೈಲು ಹೊರಟದ್ದೂ ಅದರಲ್ಲಿ ಕಾಣುತ್ತಿತ್ತು; ಚಮಚ ಜೇಬಿಗಿಳಿಸಲು ಬಂದ ಕಳ್ಳರು ತಮ್ಮ ಮುಖ ತಾವೇ ನೋಡಿ ನಾಚಿ, ಇನ್ನೊಂದು ಪ್ಲೇಟ್ ಇಡ್ಲಿ ತಿಂದು ಹೋಗುತ್ತಿದ್ದರು. ಇದು ಗಿರಾಕಿಗಳಿಗೆ ಹೇಳುವ ಕಥೆ. ಅಸಲು ಸಂಗತಿ ಬೇರೆ. ಹಿಂದೆ ಅಡುಗೆಮನೆಯ ಕಿಂಡಿಯಲ್ಲಿ ಹೆಂಡತಿ ಹರಿಣಾಕ್ಷಿ, ಮುಂದೆ ಬಾಗಿಲ ಬಳಿ ಇವರು. ನಡುವೆ ಆನೆಗಾತ್ರದ ಕಂಬ. ಪಕ್ಕದ ಗೋಡೆಯ ಈ ಕನ್ನಡಿಯೊಳಗೆ ಮಾತ್ರ ಇಬ್ಬರ ಭೇಟಿ. ಮದುವೆಯಾದ ವರ್ಷವೇ ಹಾಕಿಸಿದ್ದು. ಬೇರೆಯವರು ಮಾಥೇರಾನಿಗೆ ಹೋಗಿ ಮಾಡುವ ಮಧುಚಂದ್ರವನ್ನು ಇವರು ವ್ಯಾಪಾರದ ನಡುವೆ, ಒಬ್ಬ ಗಿರಾಕಿಯನ್ನೂ ತಪ್ಪಿಸದೆ, ಆ ಗಾಜಿನಲ್ಲೇ ಮಾಡಿ ಮುಗಿಸಿದ್ದರು.

ಈಗ ಮೊಬೈಲಿನಲ್ಲಿ ಬರುವ ಆರ್ಡರುಗಳೇ ಹೆಚ್ಚು. ಲ್ಯಾಪ್‌ಟಾಪಿನ ಒಂದೇ ಪರದೆಯಲ್ಲಿ ಬಿಲ್ಲು ನೋಡಿದರೆ ಆರ್ಡರು ತಪ್ಪುತ್ತಿತ್ತು, ಆರ್ಡರು ನೋಡಿದರೆ ಅಡುಗೆಮನೆ ತಪ್ಪುತ್ತಿತ್ತು. ಅದಕ್ಕೇ ತಾಯಿ ಮಧ್ಯಾಹ್ನ ಮನೆಗೆ ಹೋದ ಹೊತ್ತು ನೋಡಿ ಯೋಗೀಶ್ ಅಡುಗೆಮನೆಗೊಂದು ಕ್ಯಾಮೆರಾ ಹಾಕಿ, ಸಾಬೂನು ಪೆಟ್ಟಿಗೆಯ ಗಾತ್ರದ ಡಬ್ಬಿಯೊಂದನ್ನು ತಂದಿದ್ದ. ಹೆಸರು ಡಾಕಿಂಗ್ ಸ್ಟೇಷನ್. ಎರಡು ಮಾನಿಟರು, ಪ್ರಿಂಟರು, ಮೌಸು, ಎಲ್ಲದರ ವೈರೂ ಅದರೊಳಗೆ. ಅದರಿಂದ ಲ್ಯಾಪ್‌ಟಾಪಿಗೆ ಒಂದೇ ವೈರು. ಕಸಾರಾದ ಗಾಡಿಯೂ ಕರ್ಜತ್‌ನ ಗಾಡಿಯೂ ಕಲ್ಯಾಣದಲ್ಲಿ ಸೇರಿ ಒಂದೇ ದಾರಿ ಹಿಡಿಯುವ ಹಾಗೆ ಎಂದು ಶೆಟ್ಟರು, ಡಬ್ಬಿಯನ್ನು ತಾವೇ ಕಂಡುಹಿಡಿದವರಂತೆ, ಚಹಾ ಕುಡಿಯುತ್ತಿದ್ದವರಿಗೆಲ್ಲ ವಿವರಿಸಿದರು. ಕನ್ನಡಿ ಹೊರಗೆ ಹೋಗುವಾಗ ಮಾತ್ರ ಆ ಕಡೆ ನೋಡಲಿಲ್ಲ.

ಸಂಜೆಯ ಗದ್ದಲಕ್ಕೆ ಸರಿಯಾಗಿ ಅದೇ ಗೋಡೆಯಲ್ಲಿ ಎರಡೂ ಮಾನಿಟರುಗಳು ಬೆಳಗಿದವು. ಎರಡರಲ್ಲೂ ಅಡುಗೆಮನೆ, ಎರಡರಲ್ಲೂ ಆಗಷ್ಟೇ ಬಂದು ಸೆರಗು ಸಿಕ್ಕಿಸುತ್ತಿದ್ದ ಹರಿಣಾಕ್ಷಿ.

"ಒಬ್ಬಳಿಗೇ ಇಡೀ ಡೊಂಬಿವಲಿ ಹೆದರ್ತದೆ" ಎಂದರು ಶೆಟ್ಟರು. "ಇಬ್ಬರಾದರೆ ನಾನು ಎಲ್ಲಿಗೆ ಓಡುವುದು?"

"ಡುಪ್ಲಿಕೇಟ್ ಆಗಿದೆ ಪಪ್ಪಾ. ಥಾಂಬಾ ಜರಾ, ಒಂದು ನಿಮಿಷ, ಎಕ್ಸ್‌ಟೆಂಡ್ ಮಾಡ್ತೇನೆ."

ಏನೋ ಒತ್ತಿದ. ಎಡಗಡೆಯದರಲ್ಲಿ ಆರ್ಡರುಗಳ ಸಾಲು ಬಂತು. ಬಲಗಡೆಯದರಲ್ಲಿ ಹರಿಣಾಕ್ಷಿ ಒಬ್ಬಳೇ ಉಳಿದಳು. ಶೆಟ್ಟರು ಮನಸ್ಸಿನಲ್ಲೇ ಸೋಲೊಪ್ಪಿಕೊಂಡರು. ಕನ್ನಡಿಯಲ್ಲಿ ಹಬೆಯ ಹಿಂದೆ ಮಸುಕಾಗಿ ಕಾಣುತ್ತಿದ್ದವಳು ಇಲ್ಲಿ ಮೂಗುತಿಯ ಹರಳಿನ ಸಮೇತ ಕಾಣುತ್ತಿದ್ದಳು. ಕಿವಿಯ ಪಕ್ಕದ ಬಿಳಿಕೂದಲೂ ಕಂಡಿತು. ಕನ್ನಡಿ ಒಂದು ದಿನವೂ ಅದನ್ನು ತೋರಿಸಿರಲಿಲ್ಲ.

ಅಷ್ಟರಲ್ಲಿ ಅವಳು ನಾಲ್ಕು ಬೆರಳು ಎತ್ತಿದಳು. ಹಿಟ್ಟು ಇನ್ನು ನಾಲ್ಕು ಪ್ಲೇಟಿಗೆ ಮಾತ್ರ ಎಂದರ್ಥ. ಇವರು ತಲೆಯಾಡಿಸಿದರೆ ಬೆರಳು ಇಳಿಯುವುದು ಪದ್ಧತಿ. ಶೆಟ್ಟರು ತಲೆಯಾಡಿಸಿದರು. ಬೆರಳು ಇಳಿಯಲಿಲ್ಲ. ಕುತ್ತಿಗೆ ಕಳಚಿ ಬೀಳುವಷ್ಟು ಜೋರಾಗಿ ಇನ್ನೊಮ್ಮೆ ಆಡಿಸಿದರು. ಅವಳು ಕಿಂಡಿಯಿಂದ ಗೋಡೆಯನ್ನೇ ನೋಡುತ್ತಿದ್ದಳು. ಗಂಡನ ಮುಖ ಇರಬೇಕಾದಲ್ಲಿ, ನಾಲ್ಕು ಬೆರಳೆತ್ತಿದ ಹೆಂಗಸೊಬ್ಬಳು ಅವಳ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.

ಅಮ್ಮನಿಗೊಂದು ಬೆಲ್ ಹಾಕಿಸಿದರಾಯ್ತು ಎಂದು ಯೋಗೀಶ್ ಹೇಳುತ್ತಲೇ ಇದ್ದ. ಮಳೆನೀರು ಗಲ್ಲಾದ ಡ್ರಾಯರಿಗೇ ನುಗ್ಗಿದ ವರ್ಷವೂ ವ್ಯಾಪಾರದ ಹೊತ್ತಿನಲ್ಲಿ ಕುರ್ಚಿ ಬಿಡದ ಶೆಟ್ಟರು ಎದ್ದೇ ಬಿಟ್ಟರು. ಮೇಜುಗಳ ನಡುವೆ ನುಸುಳಿ, ಕಂಬ ದಾಟಿ, ಕಿಂಡಿಯ ಎದುರು ನಿಂತು ತಲೆಯಾಡಿಸಿದರು.

ಹರಿಣಾಕ್ಷಿ ಕೈ ಇಳಿಸಿದಳು. ಹಬೆಗೆ ಒದ್ದೆಯಾದ ಮುಖವನ್ನು ಸೆರಗಿನಿಂದ ಒರೆಸಿ ಅವರನ್ನು ನೋಡಿದಳು.

"ಇಷ್ಟು ಹೊತ್ತು ಎಲ್ಲಿಗೆ ಹೋದದ್ದು ಮಾರಾಯ್ರೆ?"